ಬಕಲ್ಯಾವ್ ಜೊತೆ ಒಗ್ಗುವ ಕೆಂಪು ವೈನ್ ಕೋಳಿಸಾರಿನ ಜೊತೆ ಏಕೆ ಕಹಿಯಾಗುತ್ತದೆ?

ಪ್ರಶ್ನೆ: ನಾವು ಸಕಲೇಶಪುರದ ಕಡೆಯವರು. ಗಂಡ ಹೆಂಡತಿ ಇಬ್ಬರೂ ಕೆಲಸದ ಮೇಲೆ ಪೋರ್ಚುಗಲ್‌ನ ಪೋರ್ಟೊ ನಗರಕ್ಕೆ ಬಂದಿದ್ದೇವೆ. ಇಲ್ಲಿನ ಸೂಪರ್ ಮಾರ್ಕೆಟ್‌ನಲ್ಲಿ ಆರೇಳು ಯೂರೋಗೆ ಸಿಗುವ ಡೌರೊ ಕಣಿವೆಯ ಕೆಂಪು ವೈನ್ ನಮಗೆ ಹಿಡಿಸಿದೆ. ಬಾಟಲಿಯ ಹಿಂದೆ ತೊರೀಗಾ ನಾಸಿಯೊನಾಲ್, ತೊರೀಗಾ ಫ್ರಾಂಕಾ, ತಿಂತಾ ರೊರೀಸ್ ಎಂದು ಮೂರು ದ್ರಾಕ್ಷಿಗಳ ಹೆಸರಿದೆ. ಹೀಗೆ ಬೆರೆಸಿ ಮಾಡಿದ್ದು ಒಂದೇ ದ್ರಾಕ್ಷಿಯ ವೈನ್‌ಗಿಂತ ಕಡಿಮೆ ದರ್ಜೆಯದೇ? ಮೀನಿಗೆ ಬಿಳಿ ವೈನ್ ಅಂತ ಕೇಳಿದ್ದೆವು. ಇಲ್ಲಿನ ಸಹೋದ್ಯೋಗಿಗಳು ಬಕಲ್ಯಾವ್ ಎಂಬ ಉಪ್ಪುಮೀನಿನ ಜೊತೆಗೂ ಕೆಂಪನ್ನೇ ಕುಡಿಯುತ್ತಾರೆ. ಮನೆಯಲ್ಲಿ ಕೋಳಿಸಾರಿನ ಜೊತೆ ಕುಡಿದಾಗ ಅದೇ ವೈನ್ ಕಹಿಯಾಯಿತು, ಬಾಯೆಲ್ಲ ಉರಿಯಿತು. ಮುಂದಿನ ವಾರ ಆರು ಜನರನ್ನು ಊಟಕ್ಕೆ ಕರೆದಿದ್ದೇವೆ, ಅವರಲ್ಲಿ ಇಬ್ಬರು ಸಸ್ಯಾಹಾರಿಗಳು. ಈ ವೈನ್‌ಗೆ ಹೊಂದುವ ಹಾಗೆ ಏನು ಅಡುಗೆ ಮಾಡಲಿ?

ಉತ್ತರ: ಕೋಳಿಸಾರಿನಿಂದಲೇ ಶುರು ಮಾಡೋಣ. ಅಲ್ಲಿ ಆದದ್ದೇನೆಂದು ತಿಳಿದರೆ ಉಪ್ಪುಮೀನಿನ ಪ್ರಶ್ನೆಯೂ ಬಿಡಿಸಿಕೊಳ್ಳುತ್ತದೆ, ಊಟಕ್ಕೆ ಏನು ಮಾಡುವುದು ಎಂಬುದೂ ಅರ್ಧ ತೀರ್ಮಾನವಾಗುತ್ತದೆ.

ಕೆಂಪು ವೈನ್‌ನ ಮುಖ್ಯ ಗುಣ ಒಗರು. ದ್ರಾಕ್ಷಿಯ ಸಿಪ್ಪೆಯಿಂದ, ಬೀಜದಿಂದ ಇಳಿಯುವ ಟ್ಯಾನಿನ್ ಅದಕ್ಕೆ ಕಾರಣ. ಅದು ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ; ಬಾಯಿಯ ಜಾರುತನ ಹೋಗಿ ಕೆನ್ನೆಯ ಒಳಭಾಗ ಎಳೆದುಕೊಳ್ಳುತ್ತದೆ. ಡೌರೊದಲ್ಲಿ ಬೆಳೆಯುವ ತೊರೀಗಾ ನಾಸಿಯೊನಾಲ್ ಕಾಯಿ ಸಣ್ಣದು, ಸಿಪ್ಪೆ ದಪ್ಪ. ರಸ ಕಡಿಮೆ, ಸಿಪ್ಪೆಯ ಪಾಲು ಹೆಚ್ಚು, ಹಾಗಾಗಿ ಬಣ್ಣವೂ ಒಗರೂ ಧಾರಾಳ. ಕಣಿವೆಯ ಬೇಸಿಗೆ ಬೆಂಕಿ. ಹಣ್ಣಿನಲ್ಲಿ ಸಕ್ಕರೆ ತುಂಬಿಕೊಳ್ಳುತ್ತದೆ, ಆ ಸಕ್ಕರೆ ಹುದುಗಿ ಆಲ್ಕೋಹಾಲ್ ಆಗುವಷ್ಟರಲ್ಲಿ ಶೇ. 13.5, 14 ಮುಟ್ಟುವುದು ಮಾಮೂಲು. ನಿಮ್ಮ ಬಾಟಲಿಯ ಮೇಲೂ ಹೆಚ್ಚುಕಡಿಮೆ ಇದೇ ಅಂಕಿ ಇರುತ್ತದೆ, ನೋಡಿ.

ಈಗ ಇದರ ಪಕ್ಕ ಒಣಮೆಣಸಿನಕಾಯಿಯನ್ನು ಇಡಿ. ಅದರ ಖಾರ ರುಚಿಯಲ್ಲ, ಉರಿ. ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ನರದ ತುದಿಗಳನ್ನು ಕ್ಯಾಪ್ಸೈಸಿನ್ ಕೆಣಕುತ್ತದೆ. ಆಲ್ಕೋಹಾಲ್ ಅವೇ ತುದಿಗಳನ್ನು ಇನ್ನೂ ಸೂಕ್ಷ್ಮ ಮಾಡುತ್ತದೆ. ಸಾರಿನ ಉರಿ ಇಳಿಸಿಕೊಳ್ಳಲು ನೀವು ವೈನ್ ಗುಟುಕರಿಸಿದಿರಿ, ಅದು ಉರಿಯನ್ನು ಇನ್ನೂ ಏರಿಸಿತು. ಹಾಗೆ ಕೆರಳಿದ ಬಾಯಿಗೆ ಒಗರು ಒರಟೊರಟಾಗಿ, ಕಹಿಯಾಗಿ ತಾಗುತ್ತದೆ. ಹಣ್ಣಿನ ಪರಿಮಳ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಸಾರಿಗೆ ಹುಣಸೆಹುಳಿ ಬಿದ್ದಿದ್ದರಂತೂ ಕಥೆ ಮುಗಿಯಿತು. ಹುಣಸೆಯ ಹುಳಿಗೂ ದ್ರಾಕ್ಷಿಯ ಹುಳಿಗೂ ಮೂಲ ಒಂದೇ ಆಮ್ಲ, ಟಾರ್ಟಾರಿಕ್. ತಟ್ಟೆಯಲ್ಲಿ ಅದು ವೈನ್‌ನಲ್ಲಿರುವುದಕ್ಕಿಂತ ಜಾಸ್ತಿಯಾದಾಗ ವೈನ್ ತನ್ನ ಹುಳಿ ಕಳೆದುಕೊಂಡು ಸಪ್ಪೆ ಹೊಡೆಯುತ್ತದೆ.

ಹಾಗಾದರೆ ಈ ವೈನ್‌ಗೆ ಬೇಕಾದದ್ದೇನು? ಉಪ್ಪು, ಎಣ್ಣೆ ಅಥವಾ ಕೊಬ್ಬು, ಅಗಿಯಲು ಸ್ವಲ್ಪ ಪ್ರೋಟೀನ್, ಬೆಂಕಿಯಲ್ಲಿ ಸುಟ್ಟ ಅಂಚು. ಉಪ್ಪು ಕಹಿಯನ್ನು ಅಡಗಿಸುತ್ತದೆ. ಮಾಂಸದ ಪ್ರೋಟೀನ್ ಟ್ಯಾನಿನ್‌ಗೆ ಹಿಡಿದುಕೊಳ್ಳಲು ಬೇರೆ ಆಸರೆ ಕೊಡುತ್ತದೆ, ನಿಮ್ಮ ಜೊಲ್ಲು ಉಳಿಯುತ್ತದೆ. ಎಣ್ಣೆ ನಾಲಿಗೆಯನ್ನು ಸವರಿ ಒಗರನ್ನು ಮೆತ್ತಗೆ ಮಾಡುತ್ತದೆ. ವೈನ್ ತನ್ನ ಕಡೆಯಿಂದ ಆ ಜಿಡ್ಡನ್ನು ತೊಳೆಯುತ್ತದೆ. ಕೆಂಪು ಮಾಂಸಕ್ಕೆ ಕೆಂಪು, ಬಿಳಿ ಮೀನಿಗೆ ಬಿಳಿ ಎಂಬ ಬಣ್ಣದ ಲೆಕ್ಕವನ್ನು ನಾನು ವೈನ್ ಬಡಿಸುವ ಹುಡುಗರಿಗೆ ಪಾಠ ಮಾಡುವಾಗ ಮೊದಲ ದಿನವೇ ಬಿಡಿಸುತ್ತೇನೆ. ತಟ್ಟೆಯ ಬಣ್ಣ ಬಿಟ್ಟುಬಿಡಿ. ಅದರಲ್ಲಿ ಉಪ್ಪೆಷ್ಟು, ಎಣ್ಣೆಯೆಷ್ಟು, ಹುಳಿಯೆಷ್ಟು, ಉರಿಯೆಷ್ಟು ನೋಡಿ.

ಹೀಗೆ ನೋಡಿದರೆ ನಿಮ್ಮ ಸಹೋದ್ಯೋಗಿಗಳು ಮಾಡುತ್ತಿರುವುದು ತಪ್ಪಲ್ಲ. ಮೀನು ಮತ್ತು ಕೆಂಪು ವೈನ್ ಸೇರಿದಾಗ ಬಾಯಲ್ಲಿ ಬರುವ ಕಮಟು, ಲೋಹದ ರುಚಿಗೆ ಒಗರೇ ಕಾರಣ ಎಂದು ಬಹಳ ಕಾಲ ಹೇಳುತ್ತಿದ್ದರು. 2009ರಲ್ಲಿ ಜಪಾನಿನ ಸಂಶೋಧಕರು ಮುಖ್ಯ ಅಪರಾಧಿ ಕಬ್ಬಿಣ ಎಂದು ತೋರಿಸಿದರು. ವೈನ್‌ನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಮೀನಿನ ಎಣ್ಣೆಯನ್ನು ಮುಟ್ಟಿದ ಕೂಡಲೇ ಆ ಕೆಟ್ಟ ವಾಸನೆ ಹುಟ್ಟುತ್ತದೆ. ಸಾಮಾನ್ಯವಾಗಿ ಬಿಳಿ ವೈನ್‌ಗಿಂತ ಕೆಂಪಿನಲ್ಲಿ ಕಬ್ಬಿಣ ಹೆಚ್ಚಿರುವುದರಿಂದ ಕೆಂಪಿಗೆ ಕೆಟ್ಟ ಹೆಸರು ಬಂತು, ಅಷ್ಟೆ.

ಬಕಲ್ಯಾವ್ ಎಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಕಾಡ್ ತನ್ನ ಎಣ್ಣೆಯನ್ನು ಮಾಂಸದಲ್ಲಿ ಇಡುವುದಿಲ್ಲ, ಪಿತ್ತಜನಕಾಂಗದಲ್ಲಿ ಇಡುತ್ತದೆ. ನಾವು ಚಿಕ್ಕವರಿದ್ದಾಗ ಮೂಗು ಹಿಡಿದು ಕುಡಿಸುತ್ತಿದ್ದ ಕಾಡ್‌ಲಿವರ್ ಎಣ್ಣೆ ಅದೇ. ಮಾಂಸದಲ್ಲಿ ಮೀನೆಣ್ಣೆ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟೇ ಇರುವಾಗ ಕಬ್ಬಿಣ ಯಾವುದನ್ನು ಕೆಡಿಸೀತು? ಮೇಲಾಗಿ ಅದು ಉಪ್ಪಿನಲ್ಲಿ ಗಟ್ಟಿಯಾಗಿ, ಒಂದೆರಡು ದಿನ ನೀರು ಬದಲಿಸುತ್ತ ನೆನೆದು, ಪದರು ಪದರಾಗಿ ಬಿಡುವ ಮಾಂಸವಾಗಿರುತ್ತದೆ. ಹಸಿಮೀನಿನ ಮೃದುತನ ಅದಕ್ಕಿಲ್ಲ. ಅದನ್ನು ಪೋರ್ಚುಗೀಸರು ಬೇಯಿಸುವುದು ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಆಲೂಗಡ್ಡೆಯ ಜೊತೆ. ಉಪ್ಪು ಇದೆ, ಎಣ್ಣೆ ಇದೆ, ಪ್ರೋಟೀನ್ ಇದೆ, ಖಾರ ಇಲ್ಲ. ಡಿಸೆಂಬರ್ 24ರ ರಾತ್ರಿ ಪೋರ್ಚುಗಲ್‌ನ ಮನೆಮನೆಯಲ್ಲೂ ಬೇಯಿಸಿದ ಬಕಲ್ಯಾವ್, ಎಲೆಕೋಸು, ಆಲೂಗಡ್ಡೆಯ ಮೇಲೆ ಎಣ್ಣೆ ಸುರಿದು ತಿನ್ನುತ್ತಾರೆ, ಪಕ್ಕದಲ್ಲಿ ಕೆಂಪು ವೈನ್ ಇರುತ್ತದೆ. ತಮಾಷೆಯೆಂದರೆ ಈ ಮೀನು ಪೋರ್ಚುಗಲ್‌ನ ಕಡಲಿನದೇ ಅಲ್ಲ. 16ನೇ ಶತಮಾನದಿಂದ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹೋಗಿ ಹಿಡಿದು ಉಪ್ಪು ಹಾಕಿ ತರುತ್ತಿದ್ದರು. ಈಗ ಹೆಚ್ಚಿನ ಪಾಲು ನಾರ್ವೆಯಿಂದ ಬರುತ್ತದೆ.

ನಿಮ್ಮ ಪೋರ್ಟೊದ್ದೇ ಒಂದು ಅಡುಗೆ ಇದೆ, ಬಕಲ್ಯಾವ್ ಆ ಗೋಮೆಸ್ ದೆ ಸಾ. ಊರಿನ ಉಪ್ಪುಮೀನಿನ ವ್ಯಾಪಾರಿ ಕುಟುಂಬದವನೊಬ್ಬನ ಹೆಸರು ಹೊತ್ತದ್ದು. ಬಿಡಿಸಿದ ಮೀನು, ಆಲೂಗಡ್ಡೆ ಬಿಲ್ಲೆ, ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ ಸೇರಿಸಿ ಒಲೆಯಲ್ಲಿಟ್ಟು, ಮೇಲೆ ಬೇಯಿಸಿದ ಮೊಟ್ಟೆ, ಕಪ್ಪು ಆಲಿವ್. ಬಹಳ ಒಗರಿಲ್ಲದ ಎಳೆಯ ಡೌರೊಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಆದರೆ ಇದೇ ತರ್ಕವನ್ನು ಸಾರ್ಡೀನ್‌ಗೆ, ಅಂದರೆ ನಮ್ಮ ಬೂತಾಯಿ ಜಾತಿಗೆ, ಹಚ್ಚಬೇಡಿ. ಅದರ ಮೈಯೆಲ್ಲ ಎಣ್ಣೆ. ಜೂನ್ 23ರ ರಾತ್ರಿ ಸಾವ್ ಜೊವಾವ್ ಹಬ್ಬದಲ್ಲಿ ಪೋರ್ಟೊದ ಬೀದಿಗಳಲ್ಲಿ ಸಾರ್ಡೀನ್ ಸುಡುವ ಹೊಗೆ ತುಂಬಿರುವಾಗ ಜನ ಅದಕ್ಕೂ ಕೆಂಪು ಹೀರುತ್ತಾರೆ, ನಿಜ. ಹಬ್ಬದ ಗದ್ದಲದಲ್ಲಿ ಯಾರೂ ಅಷ್ಟು ಗಮನಿಸುವುದಿಲ್ಲ. ಮನೆಯಲ್ಲಾದರೆ ವಿನ್ಯೊ ವೆರ್ದೆ ಬಿಳಿಯನ್ನೇ ತೆರೆಯಿರಿ.

ಇನ್ನು ಬೆರಕೆಯ ಪ್ರಶ್ನೆ. ಕಡಿಮೆ ದರ್ಜೆಯೇ ಎಂದು ಕೇಳಿದ್ದೀರಿ. ಡೌರೊದಲ್ಲಿ ವಿಷಯ ತಿರುಗಮುರುಗ: ಅಲ್ಲಿ ಬೆರಕೆಯೇ ಹಳೆಯ ಪದ್ಧತಿ, ಒಂದೇ ದ್ರಾಕ್ಷಿಯ ವೈನ್ ಇತ್ತೀಚಿನದು. ಹಳೆಯ ತೋಟಗಳಲ್ಲಿ ಇಪ್ಪತ್ತು, ಮೂವತ್ತು ಜಾತಿಯ ಬಳ್ಳಿಗಳು ಒಂದರ ಪಕ್ಕ ಒಂದು ಬೆರೆತು ನಿಂತಿರುತ್ತವೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲನ್ನು ನೆನೆದುಕೊಳ್ಳಿ. ಮಳೆ ಕೈಕೊಟ್ಟರೂ ಅವರೆಯೋ ಜೋಳವೋ ಹುಚ್ಚೆಳ್ಳೋ ಏನಾದರೊಂದು ಮನೆಗೆ ಬರಲಿ ಎಂಬ ಲೆಕ್ಕ. ಡೌರೊ ರೈತನ ಲೆಕ್ಕವೂ ಅದೇ. ಒಂದು ಜಾತಿ ಬಿಸಿಲಿಗೆ ಬಾಡಿದರೆ ಇನ್ನೊಂದು ನಿಲ್ಲುತ್ತದೆ, ಒಂದಕ್ಕೆ ಬೂಷ್ಟು ಹಿಡಿದರೆ ಇನ್ನೊಂದು ಉಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಕೊಯ್ದು, ಕಲ್ಲಿನ ತೊಟ್ಟಿಯಲ್ಲಿ ಒಟ್ಟಿಗೆ ಕಾಲಲ್ಲಿ ತುಳಿದು ಹುದುಗಿಸುತ್ತಿದ್ದರು. ಬಾಟಲಿಯ ಮೇಲೆ ವಿನ್ಯಾಸ್ ವೆಲ್ಯಾಸ್ ಎಂದು ಕಂಡರೆ ಹಳೆಯ ಬಳ್ಳಿಗಳದ್ದು ಎಂದರ್ಥ. ಡೌರೊದಲ್ಲಿ ಅದು ಬಹುಪಾಲು ಇಂಥ ಬೆರಕೆ ತೋಟದ್ದೇ, ಬೆಲೆ ಎರಡು ಪಟ್ಟು, ಮೂರು ಪಟ್ಟು.

ಯಾವ ತೋಟದಲ್ಲಿ ಯಾವ ಬಳ್ಳಿ ಎಂದು ವಿಂಗಡಿಸಿ ನೋಡುವ ಕೆಲಸ 1970ರ ದಶಕದಲ್ಲಿ ನಡೆಯಿತು. ವೈನ್ ತಯಾರಕರಾದ ಜೊಸೆ ಆಂಟೋನಿಯೊ ರೋಸಾಸ್ ಮತ್ತು ಜೊವಾವ್ ನಿಕೊಲಾವ್ ದೆ ಅಲ್ಮೇಡಾ ಅಧ್ಯಯನ ಮಾಡಿ, 1981ರಲ್ಲಿ ಐದು ದ್ರಾಕ್ಷಿಗಳನ್ನು ಮುಂದಿಟ್ಟರು: ನಿಮ್ಮ ಬಾಟಲಿಯ ಮೂರು, ಜೊತೆಗೆ ತಿಂತಾ ಬರೋಕಾ ಮತ್ತು ತಿಂತೊ ಕಾವ್. ಅಂದಿನಿಂದ ಹೊಸ ತೋಟಗಳಲ್ಲಿ ಒಂದೊಂದು ತುಂಡು ನೆಲಕ್ಕೆ ಒಂದೊಂದು ಜಾತಿ ನೆಟ್ಟು, ಬೇರೆ ಬೇರೆಯಾಗಿ ಹುದುಗಿಸಿ, ಕೊನೆಗೆ ಬೆರೆಸುವುದು ರೂಢಿಯಾಯಿತು. ನಿಮ್ಮ ಆರೇಳು ಯೂರೋ ಬಾಟಲಿ ಈ ಹೊಸ ರೀತಿಯದು.

ಮೂರರಲ್ಲಿ ಒಂದೊಂದರ ಕೆಲಸ ಬೇರೆ. ತೊರೀಗಾ ನಾಸಿಯೊನಾಲ್ ಇಳುವರಿಯಲ್ಲಿ ಜಿಪುಣ, ಗುಣದಲ್ಲಿ ಧಾರಾಳಿ: ಕಡುಬಣ್ಣ, ಒಗರು, ನೇರಳೆ ಬಣ್ಣದ ವಯೊಲೆಟ್ ಹೂವಿನ ಪರಿಮಳ. ಒಂದೇ ಕುಡಿದರೆ ಕೆಲವೊಮ್ಮೆ ಅತ್ತರು ಬಳಿದುಕೊಂಡವರ ಪಕ್ಕ ಕೂತಷ್ಟು ಆಗುತ್ತದೆ, ನನಗಂತೂ. ತೊರೀಗಾ ಫ್ರಾಂಕಾ ಡೌರೊದಲ್ಲಿ ಅತಿ ಹೆಚ್ಚು ನೆಟ್ಟಿರುವ ದ್ರಾಕ್ಷಿ. ನಾಸಿಯೊನಾಲ್‌ನ ಮಗುವೇ ಎಂದು ವಂಶವಾಹಿ ಪರೀಕ್ಷೆಯಿಂದ ತಿಳಿದಿದೆ. ತಡವಾಗಿ ಮಾಗುತ್ತದೆ, ಎಂಥ ಬಿಸಿಲಿಗೂ ಜಗ್ಗುವುದಿಲ್ಲ, ವೈನ್‌ಗೆ ನಡುವಿನ ತುಂಬು ಕೊಡುತ್ತದೆ. ತಿಂತಾ ರೊರೀಸ್ ಬೇರೆ ಯಾವುದೂ ಅಲ್ಲ, ಸ್ಪೇನ್‌ನ ಟೆಂಪ್ರಾನಿಯೊ. ಪೋರ್ಚುಗಲ್‌ನ ದಕ್ಷಿಣಕ್ಕೆ ಹೋದರೆ ಅದರ ಹೆಸರು ಅರಗೊನೇಶ್. ಕೆಂಪು ಹಣ್ಣುಗಳ ರುಚಿ ಅದರದು. ಕಾಯಿ ಕಿತ್ತು ಕಡಿಮೆ ಮಾಡದಿದ್ದರೆ ಬಳ್ಳಿ ವಿಪರೀತ ಫಸಲು ಕೊಟ್ಟು ವೈನ್ ನೀರುನೀರಾಗುತ್ತದೆ, ಅದಕ್ಕೇ ಅಗ್ಗದ ಬಾಟಲಿಗಳಲ್ಲಿ ಅದರ ಬಗ್ಗೆ ನನಗೆ ಸ್ವಲ್ಪ ಅನುಮಾನ.

ನಿಮಗೆ ಆರೇಳು ಯೂರೋಗೆ ಇಷ್ಟು ಒಳ್ಳೆಯ ವೈನ್ ಸಿಗುವುದರ ಹಿಂದೆ ಒಂದು ಕಾರಣ ಇದೆ, ಅಷ್ಟು ಸುಖದ್ದಲ್ಲ. ಡೌರೊ ಪ್ರಾಂತ್ಯದ ಗಡಿ ಗುರುತಿಸಿದ್ದು 1756ರಲ್ಲಿ, ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ಅಧಿಕಾರದಲ್ಲಿದ್ದಾಗ. ಆಗ ಮನಸ್ಸಿನಲ್ಲಿದ್ದದ್ದು ಪೋರ್ಟ್ ಒಂದೇ, ಅಂದರೆ ಹುದುಗುವಿಕೆಯ ನಡುವೆ ದ್ರಾಕ್ಷಿಯ ಸ್ಪಿರಿಟ್ ಸುರಿದು ಸಿಹಿ ಉಳಿಸಿಕೊಂಡ ಗಟ್ಟಿ ವೈನ್. ಊಟದ ಜೊತೆಯ ಸಾದಾ ವೈನ್‌ಗೆ ಅಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿದ್ದು 1982ರಲ್ಲಿ. ಇಂದಿಗೂ ಪ್ರತಿ ವರ್ಷ ಎಷ್ಟು ರಸವನ್ನು ಪೋರ್ಟ್ ಮಾಡಬಹುದು ಎಂದು ಮಿತಿ ಹಾಕುತ್ತಾರೆ, ಪ್ರತಿ ತೋಟಕ್ಕೂ ಎ, ಬಿ, ಸಿ ಎಂದು ದರ್ಜೆ ಇದೆ. ಪೋರ್ಟ್‌ಗೆ ಹೋದ ದ್ರಾಕ್ಷಿಗೆ ಒಳ್ಳೆಯ ದರ. ಮಿಕ್ಕದ್ದು ಸಾದಾ ವೈನ್‌ಗೆ ಹೋಗುತ್ತದೆ, ಎಷ್ಟೋ ಸಲ ಬೆಳೆದ ಖರ್ಚೂ ಹುಟ್ಟದ ಬೆಲೆಗೆ. ಕಡಿದಾದ ಶಿಸ್ಟ್ ಕಲ್ಲಿನ ಗುಡ್ಡದಲ್ಲಿ, ಯಂತ್ರ ಏರದ ಮೆಟ್ಟಿಲು ಪಾತಿಗಳಲ್ಲಿ ಕೈಯಿಂದ ಕೊಯ್ದ ಹಣ್ಣು ಅದು.

ಈ ಕಣಿವೆಯಲ್ಲಿ ಗಂಭೀರವಾದ ಸಾದಾ ಕೆಂಪು ವೈನ್ ಮಾಡಬಹುದು ಎಂದು ಮೊದಲು ಹಟ ತೊಟ್ಟವನು ಫೆರೇರಾ ಎಂಬ ಪೋರ್ಟ್ ವೈನ್ ಸಂಸ್ಥೆಯ ಫರ್ನಾಂಡೊ ನಿಕೊಲಾವ್ ದೆ ಅಲ್ಮೇಡಾ. ಮೇಲೆ ಹೇಳಿದ ಜೊವಾವ್ ಅವನ ಮಗ. ಅಡ್ಡಿ ಇದ್ದದ್ದು ಸೆಕೆ. ಹುದುಗುವಾಗ ರಸವೇ ಬಿಸಿಯಾಗುತ್ತದೆ. ಸುತ್ತಲ ಗಾಳಿಯೂ ಕಾದಿದ್ದರೆ ಯೀಸ್ಟ್ ಸಾಯುತ್ತದೆ, ಹಣ್ಣಿನ ಪರಿಮಳ ಬೆಂದುಹೋಗುತ್ತದೆ. ಮೇಲ್ಡೌರೊದ ಕಿಂತಾ ದೊ ವಾಲೆ ಮಿಯಾವ್ ತೋಟದಲ್ಲಿ ಆಗ ವಿದ್ಯುತ್ ಕೂಡ ಇರಲಿಲ್ಲ. ಅವನು ನಿಮ್ಮ ಊರಿನ ಪಕ್ಕದ ಮೀನುಗಾರಿಕೆ ಬಂದರು ಮತೊಸಿನ್ಯೊಸ್‌ನಿಂದ ಲಾರಿಗಳಲ್ಲಿ ಮಂಜುಗಡ್ಡೆ ತರಿಸಿ, ತೊಟ್ಟಿ ತಣಿಸಿ, 1952ರಲ್ಲಿ ಬಾರ್ಕಾ ವೆಲ್ಯಾ ಮಾಡಿದ. ಒಳ್ಳೆಯ ವರ್ಷ ಬಂದರೆ ಮಾತ್ರ ಆ ಹೆಸರು. ಇಲ್ಲವಾದರೆ ಬೇರೆ ಹೆಸರಲ್ಲಿ ಮಾರುತ್ತಾರೆ. ಅದರ ಬೆಲೆ ಕೇಳಬೇಡಿ. ಅದೂ ಬೆರಕೆಯೇ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

1986ರಲ್ಲಿ ಪೋರ್ಚುಗಲ್ ಯುರೋಪಿನ ಆರ್ಥಿಕ ಸಮುದಾಯ ಸೇರಿತು. ಪೋರ್ಟ್ ವೈನನ್ನು ನದಿಯ ಬಾಯಲ್ಲಿರುವ ಗಾಯಾದ ಉಗ್ರಾಣಗಳಿಂದಲೇ ರಫ್ತು ಮಾಡಬೇಕೆಂಬ ಕಟ್ಟು ಆಗಲೇ ಸಡಿಲವಾಯಿತು. ಸಣ್ಣ ಬೆಳೆಗಾರರು ತಮ್ಮ ಹೆಸರಲ್ಲೇ ಬಾಟಲಿ ತುಂಬತೊಡಗಿದರು. ನಿಮ್ಮ ಸೂಪರ್ ಮಾರ್ಕೆಟ್ ಕಪಾಟು ತುಂಬಿರುವುದು ಅಲ್ಲಿಂದೀಚೆಗೆ.

ವೈನ್ ಎಲ್ಲಿಂದ ಬಂತೋ ಅಲ್ಲಿಯವರು ಏನು ತಿನ್ನುತ್ತಾರೆ ಎಂದು ನೋಡುವುದು ಯಾವಾಗಲೂ ಒಳ್ಳೆಯ ದಾರಿ. ಡೌರೊದ ಬೆನ್ನಿಗಿರುವುದು ತ್ರಾಸ್ ಓಸ್ ಮೋಂತೆಸ್, ಬೆಟ್ಟಗಳಾಚೆಯ ನಾಡು. 1415 ಮೀಟರ್ ಎತ್ತರದ ಮರಾವ್ ಬೆಟ್ಟ ಅಟ್ಲಾಂಟಿಕ್‌ನ ಮಳೆಮೋಡಗಳನ್ನು ತಡೆಯುವುದರಿಂದ ಆಚೆಗೆ ಒಣ ನೆಲ. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎಂದು ಅಲ್ಲಿಯವರೇ ತಮ್ಮ ಹವೆಯನ್ನು ಬೈದುಕೊಳ್ಳುತ್ತಾರೆ. ಹೊಗೆಯಲ್ಲಿ ತೂಗಿದ ಹಂದಿಮಾಂಸ, ಆಡು, ಚೆಸ್ಟ್‌ನಟ್, ಬಾದಾಮಿ, ಆಲಿವ್ ಎಣ್ಣೆ ಅವರ ಅಡುಗೆಮನೆಯ ಬಂಡವಾಳ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಬಂದು ಬಳ್ಳಿಗಳೆಲ್ಲ ಸತ್ತಾಗ ಪಾಳುಬಿದ್ದ ಎಷ್ಟೋ ಪಾತಿಗಳಲ್ಲಿ ಆಲಿವ್ ನೆಟ್ಟರು. ವೈನೂ ಎಣ್ಣೆಯೂ ಒಂದೇ ಗುಡ್ಡದಿಂದ ಇಳಿಯುತ್ತವೆ.

ಇಲ್ಲಿಯ ದೊಡ್ಡ ತಟ್ಟೆ ಪೋಸ್ತಾ ಮಿರಾಂದೇಸಾ. ಮಿರಾಂದಾ ದೊ ಡೌರೊ ಕಡೆಯ ದೇಸಿ ದನದ ಮಾಂಸವನ್ನು ಅಂಗೈ ದಪ್ಪಕ್ಕೆ ಕತ್ತರಿಸಿ, ಕಲ್ಲುಪ್ಪು ಮಾತ್ರ ಹಾಕಿ ಕೆಂಡದ ಮೇಲೆ ಸುಡುತ್ತಾರೆ. ಹೊರಗೆ ಕರಿ, ಒಳಗೆ ರಸ. ರಿಸರ್ವಾ ಎಂಬ ಮೇಲಿನ ದರ್ಜೆಯ ಒಗರಿರುವ ಬಾಟಲಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಡ. ದನದ ಮಾಂಸ ತಿನ್ನದವರಿಗೆ ಒಲೆಯಲ್ಲಿ ಹುರಿದ ಎಳೆ ಆಡು, ಕಬ್ರಿತೊ, ಇದೆ. ಈಸ್ಟರ್ ಹಬ್ಬದಂದು ಊರೆಲ್ಲ ಅದೇ ವಾಸನೆ. ಬೆಳ್ಳುಳ್ಳಿ, ಲಾರೆಲ್ ಎಲೆ, ಎಣ್ಣೆ, ಕೆಳಗೆ ಕೊಬ್ಬು ಹೀರಿದ ಆಲೂಗಡ್ಡೆ. ಮಿರಾಂದೆಲಾದ ಅಲ್ಯೇರಾ ಎಂಬ ಸಾಸೇಜ್ ಕೂಡ ತಿಂದು ನೋಡಿ. ಮತಾಂತರಗೊಂಡ ಯಹೂದಿಗಳು ಇಂಕ್ವಿಸಿಷನ್ ಎಂಬ ಚರ್ಚಿನ ವಿಚಾರಣಾ ಮಂಡಳಿಯ ಕಣ್ಣು ತಪ್ಪಿಸಲು ಹಂದಿಯ ಬದಲು ಕೋಳಿ, ಬ್ರೆಡ್ಡು, ಬೆಳ್ಳುಳ್ಳಿ ತುಂಬಿ ಹೊಗೆಗೆ ತೂಗಿದರು ಎಂದು ಅದರ ಕಥೆ ಹೇಳುತ್ತಾರೆ. ಈಗಿನ ಅಲ್ಯೇರಾದಲ್ಲಿ ಬಹಳ ಸಲ ಹಂದಿಯೂ ಇರುತ್ತದೆ, ಬೇಡದವರು ಪೊಟ್ಟಣ ಓದಿ ಕೊಳ್ಳಬೇಕು.

ಪೋರ್ಟೊದವರನ್ನು ತ್ರಿಪೇಯ್ರೊಸ್, ಅಂದರೆ ಬೋಟಿ ತಿನ್ನುವವರು ಎಂದು ಕರೆಯುತ್ತಾರಲ್ಲ, ಆ ಬೋಟಿ ಮತ್ತು ಬಿಳಿ ಬೀನ್ಸ್ ಕಾಳಿನ ಅಡುಗೆಗೂ ಈ ವೈನ್ ಚೆನ್ನ. 1415ರಲ್ಲಿ ಉತ್ತರ ಆಫ್ರಿಕಾದ ಸೆಯುತಾ ದಂಡಯಾತ್ರೆಗೆ ಹೊರಟ ಹಡಗುಗಳಿಗೆ ಊರಿನವರು ಒಳ್ಳೆಯ ಮಾಂಸವನ್ನೆಲ್ಲ ಕೊಟ್ಟು ತಾವು ಬೋಟಿ ಉಳಿಸಿಕೊಂಡರಂತೆ. ಫ್ರಾನ್ಸೆಸಿನ್ಯಾ ಎಂಬ ಸ್ಯಾಂಡ್‌ವಿಚ್ ಮಾತ್ರ ಬೇಡ. ಮಾಂಸದ ಮೇಲೆ ಚೀಸು, ಅದರ ಮೇಲೆ ಬಿಯರ್, ಟೊಮೆಟೊ, ಪಿರಿಪಿರಿ ಖಾರದ ಗೊಜ್ಜು. ಅದನ್ನು ಬಿಯರಿಗೇ ಬಿಟ್ಟುಬಿಡಿ.

ಈಗ ನಿಮ್ಮ ಊಟ. ಸಕಲೇಶಪುರದವರು ಅಂದಿರಿ, ಹಂದಿಮಾಂಸ ಮಾಡುವ ಅಭ್ಯಾಸ ಇದ್ದರೆ ನನ್ನ ಮೊದಲ ಆಯ್ಕೆ ಪಕ್ಕದ ಕೊಡಗಿನ ಪಂದಿಕರಿ. ಹುರಿದು ಪುಡಿ ಮಾಡಿದ ಕರಿಮೆಣಸು, ಜೀರಿಗೆ, ಕೊತ್ತಂಬರಿ, ತನ್ನದೇ ಕೊಬ್ಬಿನಲ್ಲಿ ಬೆಂದ ಮಾಂಸ. ಕಪ್ಪು ಬಣ್ಣದ ಆ ಹುರಿದ ರುಚಿಯನ್ನು ಡೌರೊ ಎದುರುಗೊಳ್ಳುವ ರೀತಿ ನೋಡಬೇಕು. ಎರಡು ಬದಲಾವಣೆ ಮಾಡಿಕೊಳ್ಳಿ: ಹಸಿಮೆಣಸು, ಒಣಮೆಣಸು ಪೂರ್ತಿ ಬಿಡಿ ಅಥವಾ ಹೆಸರಿಗೆ ಹಾಕಿ, ಕಾಚಂಪುಳಿಯನ್ನು ಎಂದಿನ ಅರ್ಧಕ್ಕೆ ಇಳಿಸಿ, ಅದರ ಹುಳಿ ಬಹಳ ಚೂಪು. ಕರಿಮೆಣಸಿಗೂ ಉರಿ ಉಂಟು, ಆದರೆ ಅದು ಮೆಲ್ಲಗಿನದು, ಜೊತೆಗೆ ಪರಿಮಳವಿದೆ. ಒಣಮೆಣಸಿನಕಾಯಿಯನ್ನು ಅಮೆರಿಕದಿಂದ ನಮ್ಮ ಕರಾವಳಿಗೆ ತಂದು ಇಳಿಸಿದವರು ಪೋರ್ಚುಗೀಸರೇ. ಅವರು ಬಂದದ್ದು ಕರಿಮೆಣಸು ಹುಡುಕಿಕೊಂಡು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದದ್ದೂ ಅವರೇ.

ಗೋವಾದ ವಿಂದಾಲೂ ಹೇಗೆ ಎಂದು ಯಾರಾದರೂ ಕೇಳುತ್ತಾರೆ. ಅದರ ಮೂಲ ಪೋರ್ಚುಗೀಸರ ವಿನ್ಯಾ ದಾಲ್ಯೊಸ್: ಹಂದಿಮಾಂಸವನ್ನು ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಹಾಕಿ ಹುರಿಯುವುದು. ಮದೇಯ್ರಾ ದ್ವೀಪದಲ್ಲಿ ಕ್ರಿಸ್‌ಮಸ್‌ಗೆ ಇಂದಿಗೂ ಮಾಡುತ್ತಾರೆ. ಗೋವಾದಲ್ಲಿ ವೈನ್ ಜಾಗಕ್ಕೆ ಕಳ್ಳಿನ ವಿನೆಗರ್ ಬಂತು, ಮೆಣಸಿನಕಾಯಿ ಸೇರಿತು. ಆ ಎರಡೂ ಈ ವೈನ್‌ನ ಶತ್ರುಗಳು. ಹಾಗಾಗಿ ವಿಂದಾಲೂ ಬೇಡ, ಅದರ ಅಜ್ಜಿಯಾದ ವಿನ್ಯಾ ದಾಲ್ಯೊಸ್ ಮಾಡಿದರೆ ಧಾರಾಳ ಹೊಂದುತ್ತದೆ. ಕೋಳಿಯೇ ಬೇಕೆಂದರೆ ಸಾರು ಬಿಟ್ಟು, ಕರಿಮೆಣಸು, ಬೆಳ್ಳುಳ್ಳಿ, ತೆಂಗಿನೆಣ್ಣೆ ಸವರಿ ಓವನ್‌ನಲ್ಲಿ ಸಿಪ್ಪೆ ಗರಿಯಾಗುವವರೆಗೆ ಸುಡಿ.

ಸಸ್ಯಾಹಾರಿಗಳನ್ನು ಪಲ್ಯದಲ್ಲಿ ತಳ್ಳಿಹಾಕಬೇಡಿ, ಅವರಿಗೂ ಈ ವೈನ್ ಸೊಗಸಾಗಿ ಕೂರುತ್ತದೆ. ಎಣ್ಣೆಗಾಯಿ ಬದನೆಕಾಯಿ ಮಾಡಿ. ಹುರಿದ ಕಡಲೆಕಾಯಿ, ಎಳ್ಳು, ಕೊಬ್ಬರಿ, ಮೇಲೆ ತೇಲುವ ಎಣ್ಣೆ ಎಲ್ಲವೂ ಒಗರಿಗೆ ಒಳ್ಳೆಯ ಹಾಸಿಗೆ. ಹುಣಸೆಯನ್ನು ಕಾಲು ಭಾಗಕ್ಕಿಳಿಸಿ, ಬ್ಯಾಡಗಿಯನ್ನು ಬಣ್ಣಕ್ಕಷ್ಟೇ ಹಾಕಿ, ಬೆಲ್ಲ ಬೇಡವೇ ಬೇಡ. ಸಿಹಿ ತಾಗಿದರೆ ಕೆಂಪು ವೈನ್ ಇನ್ನೂ ಕಹಿಯಾಗುತ್ತದೆ. ಇನ್ನೊಂದು, ನವೆಂಬರ್ ಆದರೆ ಅಣಬೆ. ದೊಡ್ಡ ಅಣಬೆಗಳನ್ನು ನೀರೆಲ್ಲ ಆರುವವರೆಗೆ ದೊಡ್ಡ ಉರಿಯಲ್ಲಿ ಹುರಿದು, ಬೆಳ್ಳುಳ್ಳಿ, ಮೆಣಸು ಹಾಕಿ. ಅಣಬೆಯ ಉಮಾಮಿ, ಅಂದರೆ ಮಾಂಸದ ಸಾರಿನಂಥ ರುಚಿ, ವೈನನ್ನು ತುಸು ಕಹಿ ಮಾಡಬಲ್ಲದು, ಅದಕ್ಕೇ ಉಪ್ಪು ಎಂದಿನದಕ್ಕಿಂತ ಒಂದು ಚಿಟಿಕೆ ಮುಂದಿರಲಿ. ಪಕ್ಕದಲ್ಲಿ ಬತಾತಾ ಆ ಮುರ್ರೊ ಇಡಿ: ಸಿಪ್ಪೆ ಸಮೇತ ಸುಟ್ಟ ಸಣ್ಣ ಆಲೂಗಡ್ಡೆಗೆ ಮುಷ್ಟಿಯಿಂದ ಒಂದು ಗುದ್ದು, ಮೇಲೆ ಬೆಳ್ಳುಳ್ಳಿ ಕಾಸಿದ ಆಲಿವ್ ಎಣ್ಣೆ, ಕಲ್ಲುಪ್ಪು. ಮಾಂಸ ತಿನ್ನುವವರೂ ಅದಕ್ಕೇ ಕೈಹಾಕುತ್ತಾರೆ. ಮೊದಲಿಗೆ ಕಾಲ್ದೊ ವೆರ್ದೆ ಎಂಬ ಸೊಪ್ಪು, ಆಲೂಗಡ್ಡೆ ಸೂಪು ಕೊಡಬಹುದು, ಶೊರೀಸು ಸಾಸೇಜಿನ ಬಿಲ್ಲೆಯನ್ನು ಬೇಕಾದವರ ಬಟ್ಟಲಿಗೆ ಮಾತ್ರ ಹಾಕಿ. ಚೀಸು ಇಡುವುದಾದರೆ ತೆರ್ರಿಂಚೊ, ಅದೇ ನಾಡಿನ ಕುರಿಹಾಲಿನ ಗಟ್ಟಿ ಚೀಸು. ಹೆಸರುವಾಸಿ ಸೆರಾ ದಾ ಎಸ್ತ್ರೇಲಾ ಚೀಸನ್ನು ಮುಳ್ಳುಗಿಡದ ಹೂವಿನಿಂದ ಹೆಪ್ಪು ಹಾಕುತ್ತಾರೆ, ಅದಕ್ಕೆ ತನ್ನದೇ ಕಹಿ ಇದೆ. ಡೌರೊ ಒಗರಿನ ಜೊತೆ ನನಗೆ ಹಿಡಿಸಿಲ್ಲ. ಸಸ್ಯಾಹಾರಿಗಳಿಗೆ ಒಂದು ಮಾತು: ತೆರ್ರಿಂಚೊ ಹೆಪ್ಪುಗಟ್ಟುವುದು ಪ್ರಾಣಿಮೂಲದ ರೆನೆಟ್‌ನಿಂದ, ಕೇಳಿ ಬಡಿಸಿ.

ಬಾಟಲಿ ಆರಿಸುವಾಗ ಕುತ್ತಿಗೆಯ ಮೇಲಿರುವ ಮುದ್ರೆ ನೋಡಿ. ಡೌರೊ ಮತ್ತು ಪೋರ್ಟ್ ವೈನ್‌ಗಳ ಸಂಸ್ಥೆ ಪರೀಕ್ಷಿಸಿ, ರುಚಿ ನೋಡಿ ಒಪ್ಪಿದ್ದಕ್ಕೆ ಮಾತ್ರ ಅದು ಸಿಗುತ್ತದೆ. ಬಕಲ್ಯಾವ್, ಅಲ್ಯೇರಾ, ಎಣ್ಣೆಗಾಯಿಗೆ ನೀವು ಕೊಳ್ಳುತ್ತಿರುವ ಸಾದಾ ಎಳೆಯ ವೈನೇ ಸರಿ. ಪಂದಿಕರಿಗೆ, ಸುಟ್ಟ ಮಾಂಸಕ್ಕೆ ಒಂದು ಮೆಟ್ಟಿಲು ಮೇಲೆ, ಹತ್ತು ಹನ್ನೆರಡು ಯೂರೋದ ರಿಸರ್ವಾ ತೆಗೆದುಕೊಳ್ಳಿ. 750 ಮಿಲಿಲೀಟರ್ ಬಾಟಲಿಯಲ್ಲಿ ಐದು ಗ್ಲಾಸು ಬರುತ್ತದೆ. ನೀವಿಬ್ಬರೂ ಸೇರಿ ಎಂಟು ಜನಕ್ಕೆ ಮೂರು ಬಾಟಲಿ, ಕೈಮೀಸಲು ಒಂದು.

ಒಂದು ಕೆಲಸ ತಪ್ಪಿಸಬೇಡಿ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕೊಡಬೇಕು ಎಂಬ ಮಾತು ಹೀಟರ್ ಇಲ್ಲದ ಕಾಲದ ಕಲ್ಲಿನ ಮನೆಗಳದ್ದು. 22 ಡಿಗ್ರಿಯಲ್ಲಿ ಡೌರೊದ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಅತಿಥಿಗಳು ಬರುವ ಅರ್ಧ ಗಂಟೆ ಮುಂಚೆ ಫ್ರಿಜ್‌ನಲ್ಲಿಡಿ, 16, 17 ಡಿಗ್ರಿಗೆ ಇಳಿಯಲಿ. ಖಾರ ತುಸು ಮೇಲಾದರೂ ತಂಪು ವೈನ್ ಅದನ್ನು ಸಹಿಸಿಕೊಳ್ಳುತ್ತದೆ. ರಿಸರ್ವಾ ಆದರೆ ಒಂದು ಗಂಟೆ ಮುಂಚೆ ಜಗ್ಗಿಗೆ ಸುರಿದು ಗಾಳಿಯಾಡಲು ಬಿಡಿ, ಗಾಜಿನ ನೀರಿನ ಜಗ್ಗು ಸಾಕು.

ಸಿಹಿ ಬಡಿಸುವ ಹೊತ್ತಿಗೆ ಈ ಬಾಟಲಿಗಳನ್ನು ಮೇಜಿನಿಂದ ತೆಗೆದುಬಿಡಿ. ಹೋಳಿಗೆಯೋ ಕೊಬ್ಬರಿ ಮಿಠಾಯಿಯೋ ಮಾಡಿದ್ದರೆ ನದಿ ದಾಟಿ ಗಾಯಾಗೆ ಹೋಗಿ ಹತ್ತು ವರ್ಷದ ಟಾನಿ ಪೋರ್ಟ್ ಒಂದು ತನ್ನಿ; ಪೀಪಾಯಿಯಲ್ಲಿ ಕೂತು ಕಂದಿದ ಆ ವೈನ್‌ಗೆ ಒಣಹಣ್ಣು, ಬಾದಾಮಿಯ ರುಚಿ ಇರುತ್ತದೆ, ತೆಂಗು ಬೆಲ್ಲಕ್ಕೆ ಹೇಳಿ ಮಾಡಿಸಿದ್ದು. ಕೆಂಪು ಬಾಟಲಿಯಲ್ಲಿ ಏನಾದರೂ ಮಿಕ್ಕಿದರೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ, ಎರಡು ಮೂರು ದಿನ ಕೆಡುವುದಿಲ್ಲ. ಅದಕ್ಕೂ ಆಚೆ ಉಳಿದರೆ ಜಜ್ಜಿದ ಬೆಳ್ಳುಳ್ಳಿ, ಲಾರೆಲ್ ಎಲೆ, ಉಪ್ಪು ಸೇರಿಸಿ ಹಂದಿಮಾಂಸವನ್ನು ರಾತ್ರಿಯಿಡೀ ಅದರಲ್ಲಿ ನೆನೆಹಾಕಿ, ಮರುದಿನ ಹುರಿಯಿರಿ.